ಕಿವಿ ಮಶೀನೇ, ಆಪರೇಶನ್ನೇ, ಕಾಕ್ಲಿಯರ್ ಇಂಪ್ಲಾಂಟೇ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರಿಗೊಂದು ಹೋಲಿಕೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಓದುಗರು ಕಿವಿಯ ವಿಷಯವಾಗಿ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೊಂದಲದ ಸುತ್ತ ಇರುತ್ತವೆ. ಅಪ್ಪನಿಗೆ ಕಿವಿ ಮಂದವಾಗಿದೆ. ಒಂದು ಕಡೆ ಹದಿನೆಂಟು ಸಾವಿರದ ಮಶೀನು ತೋರಿಸಿದರು, ಇನ್ನೊಂದು ಕಡೆ ಜೋಡಿಗೆ ಎರಡು ಲಕ್ಷ ಎಂದರು, ಪರಿಚಯದವರೊಬ್ಬರು ಆಪರೇಶನ್ ಮಾಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ, ಮೊಮ್ಮಗ ಮೊಬೈಲಿನಲ್ಲಿ ಒಂದೂವರೆ ಸಾವಿರದ ಸಾಧನವೊಂದನ್ನು ತರಿಸಲು ಸಿದ್ಧನಾಗಿದ್ದಾನೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಈ ನಾಲ್ಕೂ ಒಂದೇ ಕಿವಿಗೆ ತೆರೆದಿರುವ ದಾರಿಗಳಲ್ಲ ಎಂಬುದು ಮೊದಲು ತಿಳಿಯಬೇಕಾದ ಮಾತು. ಯಾವ ದಾರಿ ತೆರೆದಿದೆ ಎಂಬುದನ್ನು ಪರೀಕ್ಷೆಯ ವರದಿ ಹೇಳುತ್ತದೆ. ತೆರೆದಿರುವ ದಾರಿಗಳಲ್ಲಿ ಯಾವುದು ನಮಗೆ ಒಗ್ಗುತ್ತದೆ ಎಂಬುದು ಹಣ, ವಯಸ್ಸು ಮತ್ತು ಊರಿನಿಂದ ಆಸ್ಪತ್ರೆಗಿರುವ ದೂರವನ್ನು ಅವಲಂಬಿಸಿದೆ. ಕಳೆದ ಕೆಲವು ವರ್ಷಗಳ ಕ್ಲಿನಿಕಲ್ ಸಂಶೋಧನೆಯನ್ನು ಓದಿದಾಗ ನನಗೆ ಸ್ಪಷ್ಟವಾಗಿ ಕಾಣುವುದು ಇಷ್ಟು: ಸಾಧನದ ಬೆಲೆಗಿಂತ, ಅದನ್ನು ಕಿವಿಗೆ ಹೊಂದಿಸುವ ಕೆಲಸ ಮತ್ತು ಆಮೇಲಿನ ಆರೈಕೆ ಹೆಚ್ಚು ಫಲ ಕೊಡುತ್ತವೆ.

ಯಾವುದರಿಂದ ಅಳೆಯಬೇಕು

ದೋಷ ಕಿವಿಯ ಯಾವ ಭಾಗದಲ್ಲಿದೆ ಎಂಬುದು ಮೊದಲ ಅಳತೆಗೋಲು. ಹೊರಗಿವಿಯಲ್ಲೋ ನಡುಗಿವಿಯಲ್ಲೋ ಶಬ್ದದ ದಾರಿಗೆ ಅಡ್ಡಿಯಾಗಿದ್ದರೆ, ಅಂದರೆ ಗುಗ್ಗೆ ಗಟ್ಟಿಯಾಗಿ ಕುಳಿತಿದ್ದರೆ, ಕಿವಿಯ ತಮಟೆ ತೂತಾಗಿದ್ದರೆ, ಅಥವಾ ನಡುಗಿವಿಯ ಪುಟ್ಟ ಎಲುಬು ಬಿಗಿದಿದ್ದರೆ, ಅದನ್ನು ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಪಡಿಸುವ ಅವಕಾಶವಿರುತ್ತದೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸಿ ನರಕ್ಕೆ ದಾಟಿಸುವ ರೋಮಕೋಶಗಳು ಅಥವಾ ಶ್ರವಣ ನರ ಸೊರಗಿದ್ದರೆ ಆ ಅವಕಾಶ ಇಲ್ಲ. ಮನುಷ್ಯನ ಒಳಗಿವಿಯಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಬರುವ ಮಂದಗಿವಿಯೂ, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಲ್ಲಿ, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಿ ವರ್ಷಗಟ್ಟಲೆ ಸದ್ದಿನ ನಡುವೆ ದುಡಿದವರಿಗೆ ಬರುವ ಮಂದಗಿವಿಯೂ ಈ ಎರಡನೆಯ ಬಗೆಯವು. ಇಂಥವರಿಗೆ ಆಪರೇಶನ್ನಿನಿಂದ ತಮಟೆ ಸರಿಮಾಡುವ ಮಾತು ಅನ್ವಯಿಸುವುದೇ ಇಲ್ಲ.

ದೋಷದ ಪ್ರಮಾಣ ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆಯು 2021ರ ವರದಿಯಲ್ಲಿ ಬಳಸಿದ ವರ್ಗೀಕರಣದಂತೆ, ಉತ್ತಮವಾಗಿರುವ ಕಿವಿಯಲ್ಲಿ 20ರಿಂದ 35 ಡೆಸಿಬೆಲ್‌ವರೆಗಿನ ನಷ್ಟ ಅಲ್ಪ, 35ರಿಂದ 50 ಮಧ್ಯಮ, 50ರಿಂದ 65 ಮಧ್ಯಮಕ್ಕಿಂತ ತುಸು ಹೆಚ್ಚು, 65ರಿಂದ 80 ತೀವ್ರ, 80ಕ್ಕೆ ಮೇಲ್ಪಟ್ಟದ್ದು ಅತಿತೀವ್ರ. ಅಲ್ಪದಿಂದ ತೀವ್ರದವರೆಗೆ ಶ್ರವಣ ಸಾಧನವೇ ಸಾಮಾನ್ಯವಾಗಿ ಮೊದಲ ಆಯ್ಕೆ. ಅತಿತೀವ್ರಕ್ಕೆ ಬಂದಾಗ, ಅಥವಾ ಅದಕ್ಕೂ ಮೊದಲೇ ಮಾತು ತಿಳಿಯದಂತಾದಾಗ, ಕಾಕ್ಲಿಯರ್ ಇಂಪ್ಲಾಂಟಿನ ಮಾತು ಏಳುತ್ತದೆ. ಒಳಗಿವಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಸಣ್ಣ ತಂತಿಯನ್ನು ಕೂರಿಸಿ, ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುವ ಸಾಧನ ಅದು.

ಇವೆರಡನ್ನೂ ಒಂದೇ ಹಾಳೆಯಲ್ಲಿ ತೋರಿಸುವುದು ಆಡಿಯೊಗ್ರಾಮ್. ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ನಿಧಾನವಾಗಿ ನೋಡಿ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಜ್, ಅಂದರೆ ದಪ್ಪ ಧ್ವನಿಯಿಂದ ಕೀಚು ಧ್ವನಿಯವರೆಗೆ. ಮೇಲಿನಿಂದ ಕೆಳಕ್ಕೆ ಡೆಸಿಬೆಲ್. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರದ ಚಿಹ್ನೆ ಎಡಗಿವಿ. ಕಿವಿಯ ಹಿಂದಿನ ಎಲುಬಿಗೆ ಯಂತ್ರವಿಟ್ಟು ಅಳೆದದ್ದನ್ನು ಆವರಣದಂತಹ ಚಿಹ್ನೆಗಳಿಂದ ಗುರುತಿಸಿರುತ್ತಾರೆ. ಎಲುಬಿನ ಗೆರೆ ಮೇಲಿದ್ದು, ಹೆಡ್‌ಫೋನಿನಿಂದ ಅಳೆದ ಗಾಳಿಯ ಗೆರೆ ಕೆಳಗಿದ್ದರೆ ಅಡ್ಡಿ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ. ಎರಡೂ ಜೊತೆಯಾಗಿ ಕೆಳಗಿಳಿದಿದ್ದರೆ ದೋಷ ಒಳಗಿನದು. ಸದ್ದಿನಿಂದ ಹಾಳಾದ ಕಿವಿಯಲ್ಲಿ 4000 ಹರ್ಟ್ಜ್ ಸುತ್ತ ಗೆರೆ ಕುಳಿಯಂತೆ ತಗ್ಗಿ ಮತ್ತೆ ಏರುವುದು ಸಾಮಾನ್ಯ. ವರದಿ ಕೊಡದೆ ಬರೀ ಮಶೀನು ಕೊಡುವ ಜಾಗದಲ್ಲಿ ಹಣ ಕೊಡಬೇಡಿ ಎಂಬುದು ನನ್ನ ಖಚಿತ ಸಲಹೆ.

ಮೂರನೆಯದು ಮಾತಿನ ಸ್ಪಷ್ಟತೆ. ಹಿರಿಯರು ಹಲವರು ‘ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುತ್ತಾರೆ. ಕೀಚು ಧ್ವನಿಯ ಭಾಗ ಹೋದಾಗ ಸ, ಚ, ಕ, ತ ಮೊದಲಾದ ವ್ಯಂಜನಗಳು ಮಸುಕಾಗಿ, ಸ್ವರಗಳು ಮಾತ್ರ ಉಳಿಯುತ್ತವೆ. ಸಾಲು, ಚಾಲು, ಕಾಲು ಎಂಬ ಮೂರೂ ಒಂದೇ ರೀತಿ ಕೇಳಿಸುತ್ತವೆ. ಇದನ್ನು ಅಳೆಯಲು ಪದಗಳ ಪಟ್ಟಿಯನ್ನು ಓದಿ ಎಷ್ಟು ಸರಿಯಾಗಿ ಹೇಳುತ್ತಾರೆ ಎಂದು ನೋಡುವ ಪರೀಕ್ಷೆ ಇದೆ. ಅದನ್ನು ಕನ್ನಡದ ಪದಗಳಲ್ಲೇ ಮಾಡಿಸಿರಿ. ಮನೆಯಲ್ಲಿ ಮರಾಠಿ ಅಥವಾ ಉರ್ದು ಆಡುವವರಿಗೆ ಅವರ ಮಾತಿನ ಪಟ್ಟಿಯೇ ಬೇಕು.

ಕೊನೆಯದಾಗಿ ಖರ್ಚು ಮತ್ತು ದೂರ. ಖರೀದಿಯ ದಿನದ ಬೆಲೆಯೊಂದನ್ನೇ ನೋಡದೆ, ಐದು ವರ್ಷಗಳ ಬ್ಯಾಟರಿ, ರಿಪೇರಿ, ಓಡಾಟ ಎಲ್ಲವನ್ನೂ ಕೂಡಿಸಿ ನೋಡಬೇಕು. ಸಿಂದಗಿ ಅಥವಾ ಮುದ್ದೇಬಿಹಾಳದ ರೈತ ಕುಟುಂಬಕ್ಕೆ ಪ್ರತಿ ಸಲ ಬೆಳಗಾವಿಗೆ ಹೋಗಿಬರುವುದೆಂದರೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್ಇಯ ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಜಿಲ್ಲಾ ಆಸ್ಪತ್ರೆ ಮತ್ತು ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಇಷ್ಟೂ ಕಡೆ ಕಿವಿ-ಮೂಗು-ಗಂಟಲು ವಿಭಾಗಗಳಿವೆ. ಮೊದಲ ಪರೀಕ್ಷೆಗೆ ಮೂರು ಜಿಲ್ಲೆಗಳವರೂ ತಮ್ಮ ಜಿಲ್ಲಾ ಕೇಂದ್ರದಾಚೆಗೆ ಹೋಗಬೇಕಿಲ್ಲ.

ಹೋಲಿಕೆಗೆ ಸಮಯವಿಲ್ಲದ ಒಂದು ಸ್ಥಿತಿ

ರಾತ್ರಿ ಮಲಗಿದಾಗ ಸರಿಯಿದ್ದ ಕಿವಿ ಬೆಳಿಗ್ಗೆ ಏಳುವಾಗ ಮುಚ್ಚಿಕೊಂಡಿದ್ದರೆ ಅದನ್ನು ನೆಗಡಿ ಎಂದು ಬಿಟ್ಟುಬಿಡಬಾರದು, ಕಾಯಿಸಿದ ಎಣ್ಣೆಯನ್ನು ಬಿಡಲೂಬಾರದು. ಮೂರು ದಿನದೊಳಗೆ ಆಡಿಯೊಗ್ರಾಮಿನಲ್ಲಿ ಅಕ್ಕಪಕ್ಕದ ಮೂರು ಆವರ್ತನಗಳಲ್ಲಿ (ಹರ್ಟ್ಜ್ ಅಂಕಿಗಳಲ್ಲಿ) 30 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಒಳಗಿವಿಯ ನಷ್ಟವಾದರೆ ಅದನ್ನು ಹಠಾತ್ ಶ್ರವಣನಷ್ಟ ಎನ್ನುತ್ತಾರೆ. ಸ್ಟೀರಾಯ್ಡ್ ಕೊಡುವುದಾದರೆ ಎರಡು ವಾರದೊಳಗೆ ಆರಂಭಿಸಬೇಕು; ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಗುಳಿಗೆಯೋ, ತಮಟೆಯ ಮೂಲಕ ನಡುಗಿವಿಗೆ ಕೊಡುವ ಚುಚ್ಚುಮದ್ದೋ ಎಂಬ ಆಯ್ಕೆ ಇಲ್ಲಿಯೂ ಇದೆ. ಅಮೆರಿಕದಲ್ಲಿ 250 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚುಚ್ಚುಮದ್ದು ಗುಳಿಗೆಗಿಂತ ಕಡಿಮೆಯದಲ್ಲ ಎಂದು ಕಂಡುಬಂದಿತು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಮುಖ್ಯವಾದ ಮಾತು, ಏಕೆಂದರೆ ಸ್ಟೀರಾಯ್ಡ್ ಗುಳಿಗೆಯಿಂದ ಸಕ್ಕರೆ ಏರುತ್ತದೆ. ಅಂಥವರು ಚುಚ್ಚುಮದ್ದಿನ ಬಗ್ಗೆ ತಾವಾಗಿಯೇ ವೈದ್ಯರನ್ನು ಕೇಳಬೇಕು.

ಶಸ್ತ್ರಚಿಕಿತ್ಸೆ ಯಾರಿಗೆ

ಕಿವಿ ಸೋರುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ಕಾಯಿಲೆ. ಚಿಕ್ಕಂದಿನಲ್ಲಿ ಶುರುವಾದದ್ದು ಮದುವೆಯ ವಯಸ್ಸಿನವರೆಗೂ ಎಳೆಯುತ್ತದೆ. ಮೊದಲು ಸೋರಿಕೆ ನಿಲ್ಲಬೇಕು. ಕಿವಿಯನ್ನು ಸ್ವಚ್ಛಗೊಳಿಸಿ ಕ್ವಿನೊಲೋನ್ ವರ್ಗದ ಆಂಟಿಬಯಾಟಿಕ್ ಹನಿ ಹಾಕುವುದು ಬಾಯಿಯಿಂದ ಆಂಟಿಬಯಾಟಿಕ್ ಕೊಡುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಪ್ರಯೋಗಗಳ ಬೆಂಬಲವಿದೆ. ಕಿವಿ ಒಣಗಿದ ಮೇಲೂ ತೂತು ಉಳಿದರೆ ಟಿಂಪನೊಪ್ಲಾಸ್ಟಿ, ಅಂದರೆ ಕಿವಿಯ ಮೇಲ್ಭಾಗದ ಸ್ನಾಯುವಿನ ಪೊರೆ ಅಥವಾ ಮೃದ್ವಸ್ಥಿಯ ತುಣುಕಿನಿಂದ ತಮಟೆಯನ್ನು ಮುಚ್ಚುವುದು. ಹೆಚ್ಚಿನ ವರದಿಗಳಲ್ಲಿ 100ಕ್ಕೆ 80ರಿಂದ 90 ಜನರಲ್ಲಿ ತೂತು ಮುಚ್ಚುತ್ತದೆ. ಆದರೆ ತೂತು ಮುಚ್ಚುವುದೇ ಬೇರೆ, ಕಿವಿ ಕೇಳುವುದೇ ಬೇರೆ. ಒಣಗಿದ, ನೀರು ಬಿದ್ದರೂ ಸೋರದ ಕಿವಿ ಈ ಶಸ್ತ್ರಚಿಕಿತ್ಸೆಯ ಮೊದಲ ಲಾಭ. ಕೇಳುವಿಕೆ ಎಷ್ಟು ಹೆಚ್ಚುತ್ತದೆ ಎಂಬುದು ಒಳಗಿನ ಎಲುಬುಗಳ ಸ್ಥಿತಿಯನ್ನು ಅವಲಂಬಿಸಿದೆ. ಎಂಡೋಸ್ಕೋಪಿನಿಂದ ಮಾಡಿದರೂ ಮೈಕ್ರೋಸ್ಕೋಪಿನಿಂದ ಮಾಡಿದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಎಂಡೋಸ್ಕೋಪಿನಲ್ಲಿ ಗಾಯ ಮತ್ತು ನೋವು ಕಡಿಮೆ. ಆದ್ದರಿಂದ ಯಂತ್ರ ನೋಡಿ ಆಸ್ಪತ್ರೆ ಆರಿಸದೆ, ಈ ಕೆಲಸದಲ್ಲಿ ಪಳಗಿದ ವೈದ್ಯರನ್ನು ಹುಡುಕಿ.

ಸೋರಿಕೆ ದುರ್ವಾಸನೆಯಿಂದ ಕೂಡಿದ್ದು, ಕೊಲೆಸ್ಟಿಯಾಟೋಮಾ ಎಂಬ ಎಲುಬು ಕೊರೆಯುವ ಪದರ ಬೆಳೆದಿದೆ ಎಂದು ವೈದ್ಯರು ಹೇಳಿದರೆ ಅಲ್ಲಿ ಆಯ್ಕೆಯ ಪ್ರಶ್ನೆಯಿಲ್ಲ. ಮಿದುಳಿಗೆ ಸೋಂಕು ಹರಡುವ ಮತ್ತು ಮುಖದ ನರಕ್ಕೆ ಪೆಟ್ಟಾಗುವ ಅಪಾಯ ಇರುವುದರಿಂದ ಶಸ್ತ್ರಚಿಕಿತ್ಸೆ ಆಗಲೇಬೇಕು.

ಓಟೋಸ್ಕ್ಲೆರೋಸಿಸ್‌ನಲ್ಲಿ ಮಾತ್ರ ನಿಜವಾದ ಆಯ್ಕೆಯಿದೆ. ನಡುಗಿವಿಯ ರಿಕಾಪು ಎಲುಬು ಬಿಗಿದುಕೊಳ್ಳುವ ಈ ದೋಷ ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ. 1956ರಲ್ಲಿ ಜಾನ್ ಶೇ ಆ ಎಲುಬನ್ನು ತೆಗೆದು ಕೃತಕ ಕಡ್ಡಿಯನ್ನು ಕೂರಿಸಿದಾಗಿನಿಂದ ಈ ಚಿಕಿತ್ಸೆ ಬೆಳೆದುಬಂದಿದೆ. ಅನುಭವಿ ಕೈಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಒಳ್ಳೆಯ ಫಲ ಸಿಗುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಕೇಳದಂತಾಗುವ ಅಪಾಯವೂ ಇದೆ. ಇದೇ ದೋಷಕ್ಕೆ ಶ್ರವಣ ಸಾಧನವೂ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಒಳಗಿವಿ ಸರಿಯಿದ್ದು ಧ್ವನಿಯನ್ನು ದೊಡ್ಡದು ಮಾಡಿದರೆ ಸಾಕು. ವರ್ಷವರ್ಷವೂ ಬ್ಯಾಟರಿಯ ಖರ್ಚು ಬೇಡ, ಕಿವಿಯಲ್ಲಿ ಏನೂ ಕಾಣಬಾರದು ಎನ್ನುವವರು ಶಸ್ತ್ರಚಿಕಿತ್ಸೆಯನ್ನು ಆರಿಸಬಹುದು. ಒಂದೇ ಕಿವಿ ಕೇಳುತ್ತಿದ್ದು ಅದರಲ್ಲೇ ಈ ದೋಷವಿದ್ದವರು ಆ ಅಪಾಯಕ್ಕೆ ಕೈಹಾಕದೆ ಮಶೀನು ಹಾಕಿಕೊಳ್ಳುವುದು ಸರಿ. ಎರಡೂ ಕಿವಿಗೆ ದೋಷವಿದ್ದರೆ ಹೆಚ್ಚು ಮಂದವಾದ ಕಿವಿಗೆ ಮೊದಲು ಮಾಡುವುದು ವಾಡಿಕೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮ್ಮ ಶಸ್ತ್ರಚಿಕಿತ್ಸೆ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಬೇಕು.

ಕಿವಿಯ ಕೊಳವೆಯೇ ಇಲ್ಲದೆ ಹುಟ್ಟಿದವರಿಗೆ, ಸೋರಿಕೆ ನಿಲ್ಲದವರಿಗೆ ಎಲುಬಿನ ಮೂಲಕ ಧ್ವನಿ ಮುಟ್ಟಿಸುವ ಸಾಧನಗಳಿವೆ. ಸಣ್ಣ ಮಕ್ಕಳಿಗೆ ತಲೆಪಟ್ಟಿಯ ಮೇಲೆ ಕಟ್ಟುವಂಥದ್ದು ಸಾಕು.

ಕಾಕ್ಲಿಯರ್ ಇಂಪ್ಲಾಂಟ್

ಇಲ್ಲಿ ಮಕ್ಕಳ ಲೆಕ್ಕವೇ ಬೇರೆ, ದೊಡ್ಡವರ ಲೆಕ್ಕವೇ ಬೇರೆ. ಹುಟ್ಟಿನಿಂದ ಕೇಳದ ಮಗುವಿಗೆ ಹಣಕ್ಕಿಂತ ಸಮಯ ದೊಡ್ಡದು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಬೇರಾ ಪರೀಕ್ಷೆಯಿಂದ (ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಖಚಿತಪಡಿಸುವುದು, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬ ಗುರಿಯನ್ನು ತಜ್ಞರು ಒಪ್ಪಿದ್ದಾರೆ. ಮಗು ‘ತಡವಾಗಿ ಮಾತಾಡುತ್ತದೆ, ಅವರಪ್ಪನೂ ಹಾಗೇ ಇದ್ದ’ ಎಂದು ಮನೆಯ ಹಿರಿಯರು ಹೇಳಿದರೂ ಕಾಯಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಸೋದರಮಾವನ ಜೊತೆಗೋ ಅತ್ತೆಯ ಮಗನ ಜೊತೆಗೋ ಮದುವೆಯಾದ ಕುಟುಂಬಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷಯುಕ್ತ ಜೀನ್ ಬಂದಾಗ ಹುಟ್ಟು ಕಿವುಡು ಬರುವ ಸಾಧ್ಯತೆ ಅಲ್ಲಿ ಏರುತ್ತದೆ.

ಇಂಥ ಮಗುವಿಗೆ ಮೊದಲು ಶ್ರವಣ ಸಾಧನ ಹಾಕಿ ಕೆಲವು ತಿಂಗಳು ನೋಡುತ್ತಾರೆ. ಪ್ರಯೋಜನ ಕಾಣದಿದ್ದರೆ ಇಂಪ್ಲಾಂಟ್. ಅಮೆರಿಕದ ಆರು ಕೇಂದ್ರಗಳ 188 ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 18 ತಿಂಗಳೊಳಗೆ ಇಂಪ್ಲಾಂಟ್ ಆದವರ ಭಾಷೆ ತಡವಾಗಿ ಆದವರಿಗಿಂತ ವೇಗವಾಗಿ ಬೆಳೆದಿತ್ತು. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಹುಟ್ಟಿನಿಂದ ಕೇಳದ 5 ವರ್ಷದೊಳಗಿನ ಮಕ್ಕಳ ಇಂಪ್ಲಾಂಟಿಗೆ ನೆರವು ಇದೆ. ಮುಂಬೈಯ ಅಲಿ ಯಾವರ್ ಜಂಗ್ ಸಂಸ್ಥೆಯ ಮೂಲಕ ಅರ್ಜಿಗಳು ನಡೆಯುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಲಹೆಯನ್ನೂ ಪಡೆಯಬಹುದು.

ಆದರೆ ಸರ್ಕಾರ ಕೊಟ್ಟ ಸಾಧನಕ್ಕೂ ಮುಂದಿನ ವರ್ಷಗಳಲ್ಲಿ ಖರ್ಚಿದೆ. ಕಿವಿಯ ಹೊರಗೆ ಹಾಕುವ ಪ್ರೊಸೆಸರ್ ಯಂತ್ರ, ಅದರ ವೈರು, ಕಾಯಿಲ್, ಬ್ಯಾಟರಿ ಹಾಳಾಗುತ್ತಲೇ ಇರುತ್ತವೆ. ಅದಕ್ಕಿಂತ ಭಾರವಾದದ್ದು ಥೆರಪಿ. ಇಂಪ್ಲಾಂಟ್ ಧ್ವನಿಯನ್ನು ಕೊಡುತ್ತದೆ, ಭಾಷೆಯನ್ನು ಮನೆಯವರು ಕಲಿಸಬೇಕು. ವಾರಕ್ಕೆ ಒಂದೆರಡು ಸಲ ಥೆರಪಿಸ್ಟರ ಬಳಿ ಹೋಗಿ, ಅಲ್ಲಿ ಹೇಳಿಕೊಟ್ಟದ್ದನ್ನು ತಾಯಿಯೋ ಅಜ್ಜಿಯೋ ದಿನವೂ ಮನೆಯಲ್ಲಿ ಮಾಡಿಸಬೇಕು. ಆದ್ದರಿಂದ ಎರಡು ಕೇಂದ್ರಗಳಲ್ಲಿ ಆಯ್ಕೆ ಇದ್ದರೆ, ಶಸ್ತ್ರಚಿಕಿತ್ಸೆಯ ಹೆಸರು ದೊಡ್ಡದಿರುವ ಕಡೆಗಿಂತ ಕನ್ನಡದಲ್ಲಿ ಥೆರಪಿ ಹತ್ತಿರದಲ್ಲಿ ಸಿಗುವ ಏರ್ಪಾಡನ್ನು ನಾನು ಮೇಲೆ ಇಡುತ್ತೇನೆ.

ದೊಡ್ಡವರಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಉತ್ತಮವಾಗಿರುವ ಕಿವಿಯಲ್ಲೇ ನಷ್ಟ 60 ಡೆಸಿಬೆಲ್ ಅಥವಾ ಹೆಚ್ಚಿದ್ದು, ಪದಗಳ ಪರೀಕ್ಷೆಯಲ್ಲಿ ನೂರಕ್ಕೆ 60 ಅಥವಾ ಅದಕ್ಕಿಂತ ಕಡಿಮೆ ಬಂದರೆ ಇಂಪ್ಲಾಂಟ್ ತಜ್ಞರಿಗೆ ತೋರಿಸಬೇಕು ಎಂಬ ಸರಳ ಸೂತ್ರವಿದೆ. ಕೇಳಿ ಮಾತಾಡಿ ಬೆಳೆದು, ಆಮೇಲೆ ಕಿವಿ ಹೋದವರಿಗೆ ಫಲ ಚೆನ್ನಾಗಿರುತ್ತದೆ. ಹುಟ್ಟಿನಿಂದ ಕೇಳದೆ ಮೂವತ್ತು ನಲವತ್ತಾದವರಿಗೆ ಮಾತು ತಿಳಿಯುವಷ್ಟು ಲಾಭವಾಗುವುದು ಅಪರೂಪ. ಅಂಥವರಿಗಾಗಿ ಹೊಲ ಅಡವಿಟ್ಟು ಹಣ ಹೊಂದಿಸುವುದನ್ನು ನಾನು ಒಪ್ಪಲಾರೆ.

ಜೀನ್ ಚಿಕಿತ್ಸೆಯ ಸುದ್ದಿ ಓದಿದವರು ಕಾಯೋಣವೇ ಎಂದು ಕೇಳುತ್ತಾರೆ. 2024ರ ಆರಂಭದಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ತಂಡ ಓಟೋಫರ್ಲಿನ್ ಜೀನ್‌ನ ದೋಷವಿದ್ದ ಆರು ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಐವರಲ್ಲಿ ಶ್ರವಣ ಮರಳಿದ್ದನ್ನು ಪ್ರಕಟಿಸಿತು. ಅದು ನಿಜಕ್ಕೂ ದೊಡ್ಡ ಹೆಜ್ಜೆ, ಆದರೆ ಹುಟ್ಟು ಕಿವುಡಿನ ಒಂದು ಸಣ್ಣ ಪಾಲಿಗೆ ಮಾತ್ರ ಸಂಬಂಧಿಸಿದ್ದು. ಭಾಷೆ ಕಲಿಯುವ ವಯಸ್ಸು ಕಾಯುವುದಿಲ್ಲ.

ಶ್ರವಣ ಸಾಧನ: ಹೆಚ್ಚಿನವರ ಆಯ್ಕೆ

ಅಂತರ್ಜಾಲದಲ್ಲಿ ಸಿಗುವ ಅಗ್ಗದ ಧ್ವನಿವರ್ಧಕವನ್ನು ಮೊದಲೇ ಬದಿಗಿಡೋಣ. ಅದು ಎಲ್ಲ ಧ್ವನಿಯನ್ನೂ ಒಂದೇ ಸಮ ಏರಿಸುತ್ತದೆ. ಆಡಿಯೊಗ್ರಾಮಿನ ಗೆರೆ ಎಲ್ಲಿ ತಗ್ಗಿದೆಯೋ ಅಲ್ಲಿಗಷ್ಟೇ ಬಲ ಕೊಡುವ ಶಕ್ತಿ ಅದಕ್ಕಿಲ್ಲ, ಜೋರು ಸದ್ದನ್ನು ತಡೆಯುವ ಮಿತಿಯೂ ಅನೇಕವುಗಳಲ್ಲಿ ಇರುವುದಿಲ್ಲ.

ಉಳಿದದ್ದು ಡಿಜಿಟಲ್ ಸಾಧನಗಳ ನಡುವಿನ ಆಯ್ಕೆ. ಒಂದು ಕಿವಿಗೆ ಹದಿನೈದು ಇಪ್ಪತ್ತು ಸಾವಿರದಿಂದ ಲಕ್ಷ ದಾಟುವವರೆಗೂ ಬೆಲೆಯಿದೆ. ಹೆಚ್ಚು ಚಾನೆಲ್, ಬ್ಲೂಟೂತ್, ಗದ್ದಲ ತಗ್ಗಿಸುವ ವ್ಯವಸ್ಥೆ ಎಂದು ಬೆಲೆ ಏರುತ್ತಾ ಹೋಗುತ್ತದೆ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದಲ್ಲಿ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು ಒಂದೇ ಜನರಿಗೆ ಮೂಲ ದರ್ಜೆಯ ಮತ್ತು ಮೇಲ್ದರ್ಜೆಯ ಸಾಧನಗಳನ್ನು ಸರದಿಯಲ್ಲಿ ಕೊಟ್ಟು ನೋಡಿದರು. ಎರಡೂ ಬಗೆಯವು ಚೆನ್ನಾಗಿ ನೆರವಾದವು, ದಿನನಿತ್ಯದ ಮಾತು ತಿಳಿಯುವುದರಲ್ಲಿ ಮೇಲ್ದರ್ಜೆಯದರಿಂದ ಗಮನಾರ್ಹ ಹೆಚ್ಚಳ ಕಾಣಲಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ಲ್ಯಾರಿ ಹ್ಯೂಮ್ಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ಮಗ್ಗುಲನ್ನು ತೋರಿಸಿತು. 55ರಿಂದ 79 ವಯಸ್ಸಿನ 154 ಜನರಿಗೆ ಒಂದೇ ಉತ್ತಮ ಸಾಧನವನ್ನು ಕೊಟ್ಟು, ಕೆಲವರಿಗೆ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷಿಸಿ ಸಾಧನ ಹೊಂದಿಸುವ ಶ್ರವಣ ತಜ್ಞ, ಹೊಂದಿಸಿದರು, ಕೆಲವರು ತಾವೇ ಆರಿಸಿಕೊಂಡರು, ಉಳಿದವರಿಗೆ ಧ್ವನಿಯನ್ನು ಏರಿಸದ ಹುಸಿ ಹೊಂದಾಣಿಕೆ. ತಾವೇ ಆರಿಸಿಕೊಂಡವರಿಗೂ ಲಾಭವಾಯಿತು. ಆದರೆ ಕೊನೆಗೆ ಸಾಧನವನ್ನು ಕೊಳ್ಳಲು ಒಪ್ಪಿದವರು ಆಡಿಯಾಲಜಿಸ್ಟ್ ಹೊಂದಿಸಿದ ಗುಂಪಿನಲ್ಲಿ ನೂರಕ್ಕೆ 81, ತಾವೇ ಆರಿಸಿಕೊಂಡವರಲ್ಲಿ 55. ಕಪಾಟಿನಲ್ಲಿ ಮಲಗಿರುವ ಮಶೀನುಗಳನ್ನು ಎಷ್ಟೋ ಮನೆಗಳಲ್ಲಿ ಕಂಡವರಿಗೆ ಈ ಅಂತರದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನಲವತ್ತು ಸಾವಿರ ಕೈಯಲ್ಲಿದ್ದರೆ, ಒಂದೇ ಕಿವಿಗೆ ಮೇಲ್ದರ್ಜೆಯದನ್ನು ಕೊಳ್ಳುವ ಬದಲು ಎರಡೂ ಕಿವಿಗೆ ಮೂಲ ದರ್ಜೆಯದನ್ನು ಕೊಳ್ಳುವುದನ್ನು ನಾನು ಸೂಚಿಸುತ್ತೇನೆ; ಧ್ವನಿ ಯಾವ ಕಡೆಯಿಂದ ಬಂತೆಂದು ತಿಳಿಯಲು ಮತ್ತು ಗದ್ದಲದ ನಡುವೆ ಮಾತು ಹಿಡಿಯಲು ಎರಡು ಕಿವಿ ಬೇಕು. ಆದರೂ 2011ರ ಒಂದು ಅಧ್ಯಯನದಲ್ಲಿ ಕೆಲವು ವಾರ ಎರಡನ್ನೂ ಬಳಸಿ ನೋಡಿದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಒಂದನ್ನೇ ಇಷ್ಟಪಟ್ಟರು. ಅದರಿಂದ ಒಂದರಿಂದ ಆರಂಭಿಸಿದವರು ಸೋತಂತಲ್ಲ. ಫೋನಿನಲ್ಲಿ ವ್ಯಾಪಾರ ಮಾಡುವವರಿಗೆ, ದಿನವೆಲ್ಲ ಸಭೆಗಳಲ್ಲಿ ಇರುವವರಿಗೆ ಬ್ಲೂಟೂತಿನ ಹೆಚ್ಚಿನ ಬೆಲೆ ಸಾರ್ಥಕವಾಗಬಹುದು. ಮನೆಯಲ್ಲಿ, ಗುಡಿಯ ಕಟ್ಟೆಯಲ್ಲಿ ನಾಲ್ಕು ಜನರೊಡನೆ ಮಾತಾಡುವ ಹಿರಿಯರಿಗೆ ಅದು ಬೇಕಿಲ್ಲ.

ಆಕಾರದ ವಿಷಯದಲ್ಲಿ ಕಾಣದಿರುವುದೇ ಮುಖ್ಯವೆಂದು ಹಲವರು ಕಿವಿಯೊಳಗಿನ ಸಣ್ಣದನ್ನು ಕೇಳುತ್ತಾರೆ. ವಿಜಯಪುರದ ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವರು, ಗುಗ್ಗೆ, ಧೂಳು ಅದನ್ನು ಬೇಗ ಕೆಡಿಸುತ್ತವೆ. ಕಿವಿಯ ಹಿಂದೆ ಕೂರುವ ಸಾಧನ ಗಟ್ಟಿ, ರಿಪೇರಿಗೆ ಸುಲಭ, ನಷ್ಟ ಹೆಚ್ಚಾದರೆ ಬಲ ಏರಿಸಲು ಅವಕಾಶವಿದೆ. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುವುದನ್ನು ರೂಢಿ ಮಾಡಿಕೊಳ್ಳಿ. ಬ್ಯಾಟರಿಯ ಲೆಕ್ಕ ಹೀಗೆ: ಕಂದು ಗುರುತಿನ 312 ಸೈಜಿನ ಒಂದು ಬ್ಯಾಟರಿ ಸುಮಾರು ಒಂದು ವಾರ ಬರುತ್ತದೆ, ಪಟ್ಟಿಯಲ್ಲಿ ಆರು ಇರುತ್ತವೆ, ವರ್ಷಕ್ಕೆ ಒಂದು ಕಿವಿಗೆ ಒಂಬತ್ತು ಪಟ್ಟಿ. ಅಂಟುಕಾಗದ ತೆಗೆದು ಒಂದೆರಡು ನಿಮಿಷ ಗಾಳಿಗಿಟ್ಟು ಆಮೇಲೆ ಹಾಕಬೇಕು. ಬೆರಳು ಮರಗಟ್ಟಿದವರಿಗೆ, ಕಣ್ಣು ಮಂಜಾದವರಿಗೆ ಚಾರ್ಜ್ ಮಾಡುವ ಸಾಧನ ಒಳ್ಳೆಯದು, ಆದರೆ ಒಳಗಿನ ಬ್ಯಾಟರಿ ಕೆಟ್ಟರೆ ಕಂಪನಿಗೇ ಕಳಿಸಬೇಕಾಗುತ್ತದೆ.

ಹಣವೇ ಇಲ್ಲದವರಿಗೂ ದಾರಿಯಿದೆ. ಜಿಲ್ಲಾ ಆಸ್ಪತ್ರೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಇದ್ದು ಆದಾಯದ ಮಿತಿಯೊಳಗಿದ್ದವರಿಗೆ ಎಡಿಐಪಿ ಶಿಬಿರಗಳಲ್ಲಿ, 60 ದಾಟಿದ ಬಿಪಿಎಲ್ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಸಾಧನ ಉಚಿತವಾಗಿ ಸಿಗುತ್ತದೆ. ಶಿಬಿರದ ಗದ್ದಲದಲ್ಲಿ ನಿಧಾನವಾಗಿ ಹೊಂದಿಸಲು ಸಮಯ ಸಾಲದು. ಅಲ್ಲಿ ಪಡೆದದ್ದನ್ನು ಆಡಿಯೊಗ್ರಾಮ್ ಸಹಿತ ಹತ್ತಿರದ ಆಡಿಯಾಲಜಿಸ್ಟರ ಬಳಿ ಒಯ್ದು ಸರಿಪಡಿಸಿಕೊಂಡರೆ ಅದು ಕೊಂಡ ಸಾಧನಕ್ಕೆ ಸಮವಾಗಿ ನಡೆಯಬಲ್ಲದು.

ಮಶೀನು ಹಾಕಿಕೊಂಡರೆ ಮರೆವು ತಡೆಯಬಹುದೇ ಎಂದು ಕೇಳುವವರಿಗೆ 2023ರ ಅಚೀವ್ ಪ್ರಯೋಗದ ಉತ್ತರ ಹೀಗಿದೆ: 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದಾಗ ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಬಿಪಿ, ಸಕ್ಕರೆ ಮೊದಲಾದ ಅಪಾಯಗಳು ಹೆಚ್ಚಿದ್ದವರ ಉಪಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿಯ ಕುಸಿತ ನೂರಕ್ಕೆ 48ರಷ್ಟು ನಿಧಾನವಾಗಿತ್ತು. ಬಿಪಿ, ಸಕ್ಕರೆ ಇರುವ ಹಿರಿಯರ ವಿಷಯದಲ್ಲಿ ಮುಂದೂಡದಿರಲು ಇದು ಒಂದು ಕಾರಣ.

ಕೊಳ್ಳುವ ಮೊದಲು ಮೂರು ಮಾತು ಕೇಳಿ. ಕಿವಿಯೊಳಗೆ ಸಣ್ಣ ಕೊಳವೆಯಿಟ್ಟು ಧ್ವನಿ ಅಳೆಯುವ ರಿಯಲ್ ಇಯರ್ ಪರೀಕ್ಷೆ ಮಾಡುತ್ತೀರಾ? ಎಷ್ಟು ಸಲ ಉಚಿತವಾಗಿ ಮರುಹೊಂದಿಸುತ್ತೀರಿ? ಒಂದೆರಡು ವಾರ ಮನೆಗೆ ಒಯ್ದು ನೋಡಲು ಕೊಡುತ್ತೀರಾ? ಆ ವಾರಗಳಲ್ಲಿ ಮೊದಲು ಮನೆಯ ಒಳಗೆ ದಿನಕ್ಕೆ ಕೆಲವು ತಾಸು, ಆಮೇಲೆ ಅಂಗಳ, ಆಮೇಲೆ ಸಂತೆ, ಬಸ್ ನಿಲ್ದಾಣ ಎಂದು ಹಾಕಿಕೊಂಡು ನೋಡಬೇಕು. ಪಾತ್ರೆಯ ಸದ್ದು ಚುಚ್ಚುತ್ತದೆಯೇ, ತನ್ನದೇ ಧ್ವನಿ ಕೊಡದಲ್ಲಿ ಮಾತಾಡಿದಂತಿದೆಯೇ, ಅಗಿಯುವಾಗ ಮಶೀನು ಕೀಚಲು ಶಿಳ್ಳೆ ಹಾಕುತ್ತದೆಯೇ ಎಂಬುದನ್ನು ಮನೆಯವರು ಒಂದು ಚೀಟಿಯಲ್ಲಿ ಬರೆದುಕೊಂಡು ಮರುಭೇಟಿಗೆ ಒಯ್ಯಲಿ. ಈ ಮೂರೂ ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ಬದಲಿಸಿ ಅಥವಾ ಪ್ರೋಗ್ರಾಮ್ ತಿದ್ದಿ ಸಾಮಾನ್ಯವಾಗಿ ಸರಿಪಡಿಸಬಹುದಾದ ತೊಂದರೆಗಳು.